ಗಣಕ ಪ್ರಶ್ನೋತ್ತರ: ವಿಂಡೋಸ್ ಬದಲಾದ ಮೇಲೆ ಇನ್‌ಸ್ಟಾಲ್ ಆಗದ ತಂತ್ರಾಂಶಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸಂಸ್ಥೆಗಳು ಹಣ ತೆತ್ತು ಭದ್ರತಾ ಅಪ್‌ಡೇಟ್‌ಗಳನ್ನು ಮೂರು ವರ್ಷ ಮುಂದುವರಿಸಿಕೊಳ್ಳಬಹುದು. ಆದರೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ವರ್ಷದಿಂದ ವರ್ಷಕ್ಕೆ ಅದರ ಇಮ್ಮಡಿ ಎಂಬ ಲೆಕ್ಕ ನೋಡಿದ ಮೇಲೆ, ನಮಗೆ ಬರೆಯುವ ಕಚೇರಿಗಳೆಲ್ಲ ವಿಂಡೋಸ್ 11ರ ಕಡೆಗೇ ಹೊರಳಿದಂತಿದೆ. ಅಪ್‌ಗ್ರೇಡ್ ಸಲೀಸಾಗಿ ಆಯಿತು, ಆದರೆ ಅದಾದ ಮೇಲೆ ಕಚೇರಿಯ ತಂತ್ರಾಂಶಗಳು ಯಂತ್ರಗಳಿಗೆ ತಲುಪುತ್ತಿಲ್ಲ ಎಂಬ ದೂರು ಈ ಬಾರಿ ಬಹಳ ಬಂದಿರುವುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಕಾಲೇಜಿನ ಎರಡು ಲ್ಯಾಬ್‌ಗಳಲ್ಲಿ 70 ಗಣಕಗಳಿದ್ದು ಎಲ್ಲವೂ ಒಂದೇ ಡೊಮೈನ್‌ಗೆ (ಒಂದು ಸರ್ವರಿನಿಂದ ನಿರ್ವಹಿಸುವ ಗಣಕಗಳ ಗುಂಪಿಗೆ) ಸೇರಿವೆ. ತಂತ್ರಾಂಶಗಳನ್ನು ಗ್ರೂಪ್ ಪಾಲಿಸಿಯ (ಸರ್ವರಿನಿಂದ ಎಲ್ಲ ಗಣಕಗಳಿಗೂ ಅಪ್ಪಣೆ ಕೊಡುವ ವ್ಯವಸ್ಥೆಯ) ಮೂಲಕ ಕಳಿಸುತ್ತೇವೆ. ರಜೆಯಲ್ಲಿ 30 ಗಣಕಗಳನ್ನು ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದೆವು. ಉಳಿದ 40ರಲ್ಲಿ ಹೊಸ ತಂತ್ರಾಂಶ ತಾನಾಗಿ ಬಂದು ಕೂರುತ್ತದೆ. ಈ 30ರಲ್ಲಿ ಬರುವುದೇ ಇಲ್ಲ, ದೋಷದ ಸಂದೇಶವೂ ಇಲ್ಲ. ಅದೇ ಎಂಎಸ್‌ಐ (ಇನ್‌ಸ್ಟಾಲ್ ಮಾಡುವ) ಕಡತವನ್ನು ಅಲ್ಲಿಯೇ ಕೂತು ಡಬಲ್ ಕ್ಲಿಕ್ ಮಾಡಿದರೆ ತಕರಾರಿಲ್ಲದೆ ಇನ್‌ಸ್ಟಾಲ್ ಆಗುತ್ತದೆ. ವಿಂಡೋಸ್ 11ರಲ್ಲಿ ಗ್ರೂಪ್ ಪಾಲಿಸಿಯ ಈ ಸೌಲಭ್ಯ ನಿಂತಿದೆಯೇ?
— ಲ್ಯಾಬ್ ಸಹಾಯಕರು, ಹುಬ್ಬಳ್ಳಿ

ಉತ್ತರ: ನಿಂತಿಲ್ಲ. ನಿಮ್ಮ ಪತ್ರದಲ್ಲಿ ಬೆಲೆಬಾಳುವ ಮಾತು ‘ದೋಷದ ಸಂದೇಶವೂ ಇಲ್ಲ’ ಎಂಬುದು. ಇನ್‌ಸ್ಟಾಲ್ ಮಾಡಲು ಹೋಗಿ ಸೋತಿದ್ದರೆ ವಿಂಡೋಸ್ ಎಲ್ಲಾದರೂ ಒಂದು ಕಡೆ ಅದನ್ನು ಬರೆದಿಡುತ್ತಿತ್ತು. ಕೈಯಿಂದ ಮಾಡಿದಾಗ ಆಗುತ್ತಿರುವುದರಿಂದ ಪ್ಯಾಕೇಜಿನಲ್ಲೂ ದೋಷವಿಲ್ಲ. ಹಾಗಾದರೆ ಆ 30 ಯಂತ್ರಗಳಿಗೆ ‘ಇನ್‌ಸ್ಟಾಲ್ ಮಾಡು’ ಎಂಬ ಅಪ್ಪಣೆಯೇ ತಲುಪುತ್ತಿಲ್ಲ ಎಂದು ತಿಳಿಯಬೇಕು. ಅಂಥ ಒಂದು ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಯಾವ ಪಾಲಿಸಿಗಳು ಅನ್ವಯವಾಗಿವೆ ಎಂದು ತೋರಿಸುವ ಜಿಪಿ-ರಿಸಲ್ಟ್ ಆಜ್ಞೆಯಿಂದ ಎಚ್‌ಟಿಎಂಎಲ್ ವರದಿ ತೆಗೆಯಿರಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಯಂತ್ರಕ್ಕೆ ಸಂಬಂಧಿಸಿದ ಭಾಗ ವರದಿಯಲ್ಲಿ ಬರುವುದಿಲ್ಲ, ನಮಗೆ ಬೇಕಾಗಿರುವುದು ಅದೇ ಭಾಗ. ತಿರಸ್ಕೃತ ಪಾಲಿಸಿಗಳ ಪಟ್ಟಿಯಲ್ಲಿ ನಿಮ್ಮ ಪಾಲಿಸಿಯ ಹೆಸರಿನ ಎದುರು ಡಬ್ಲ್ಯುಎಂಐ ಫಿಲ್ಟರ್ (ಯಂತ್ರದ ವಿವರ ಹೇಳುವ ವಿಂಡೋಸ್‌ನ ಡಬ್ಲ್ಯುಎಂಐ ಸೇವೆಯನ್ನು ಕೇಳಿ, ಪಾಲಿಸಿ ಯಾವ ಯಂತ್ರಗಳಿಗೆ ಎಂದು ಆಯುವ ಷರತ್ತು) ಕಾರಣವೆಂದು ಇದ್ದರೆ ಕಳ್ಳ ಸಿಕ್ಕಿದನೆಂದೇ ಲೆಕ್ಕ.

ಆ ಫಿಲ್ಟರನ್ನು ಹಿಂದೆ ಯಾರೋ ‘ವಿಂಡೋಸ್ 10 ಯಂತ್ರಗಳಿಗೆ ಮಾತ್ರ’ ಎಂದು ಬರೆದಿಟ್ಟಿರುತ್ತಾರೆ. ಅದನ್ನು ಬರೆಯುವ ರೂಢಿಯ ದಾರಿಗಳು ಎರಡು. ಒಂದು, ಆಪರೇಟಿಂಗ್ ಸಿಸ್ಟಮ್‌ನ ಹೆಸರಿನಲ್ಲಿ ‘ವಿಂಡೋಸ್ 10’ ಎಂದಿದೆಯೇ ಎಂದು ನೋಡುವುದು. ಅಪ್‌ಗ್ರೇಡ್ ಆದ ಯಂತ್ರದಲ್ಲಿ ಡಬ್ಲ್ಯುಎಂಐ ‘ವಿಂಡೋಸ್ 11’ ಎಂದು ಹೇಳುವುದರಿಂದ ಅದು ಹೊಂದುವುದಿಲ್ಲ. ಇನ್ನೊಂದು, ಆವೃತ್ತಿ ಸಂಖ್ಯೆ 10.0.1 ಎಂದು ಆರಂಭವಾಗುತ್ತದೆಯೇ ಎಂದು ನೋಡುವುದು. ವಿಂಡೋಸ್ 11 ಕೂಡ ತನ್ನನ್ನು 10.0 ಎಂದೇ ಹೇಳಿಕೊಳ್ಳುತ್ತದೆ. ವ್ಯತ್ಯಾಸವಿರುವುದು ಅದರ ಮುಂದೆ ಬರುವ ಬಿಲ್ಡ್ ಸಂಖ್ಯೆಯಲ್ಲಿ. ವಿಂಡೋಸ್ 10ರ ಬಿಲ್ಡ್‌ಗಳು 10240ರಿಂದ 19045ರವರೆಗೆ, ಅಂದರೆ ಎಲ್ಲವೂ 1ರಿಂದ ಶುರುವಾಗುತ್ತವೆ. ವಿಂಡೋಸ್ 11ರ ಮೊದಲ ಬಿಲ್ಡ್ 22000, 2024ರಲ್ಲಿ ಬಂದ ಅದರ 24ಎಚ್2 ಆವೃತ್ತಿಯದು 26100. ಒಂದೇ ಅಂಕಿಯ ವ್ಯತ್ಯಾಸಕ್ಕೆ ನಿಮ್ಮ 30 ಯಂತ್ರಗಳು ಪಾಲಿಸಿಯ ಕಣ್ಣಿಗೆ ಕಾಣದಂತಾಗಿವೆ. ಎರಡೂ ಬಗೆಯ ಯಂತ್ರಗಳಿಗೆ ತಂತ್ರಾಂಶ ಹೋಗಬೇಕಿದ್ದರೆ ಆವೃತ್ತಿ 10.0 ಎಂದು ಆರಂಭವಾದರೆ ಸಾಕು, ಪ್ರಾಡಕ್ಟ್ ಟೈಪ್ 1 (ಸರ್ವರ್ ಅಲ್ಲದ ಸಾಮಾನ್ಯ ಗಣಕ) ಆಗಿರಲಿ ಎಂದು ಬದಲಿಸಿ. ಪ್ರಾಡಕ್ಟ್ ಟೈಪ್ ಹಾಕದಿದ್ದರೆ ಹೊಸ ವಿಂಡೋಸ್ ಸರ್ವರ್‌ಗಳೂ 10.0 ಎಂದೇ ಹೇಳಿಕೊಳ್ಳುವುದರಿಂದ ಲ್ಯಾಬಿನ ತಂತ್ರಾಂಶ ಸರ್ವರಿನ ಮೇಲೂ ಹೋಗಿ ಕೂರುತ್ತದೆ.

ಇದೇ ಸಂದರ್ಭದಲ್ಲಿ ನಿಮ್ಮ ಸ್ಕ್ರಿಪ್ಟ್‌ಗಳನ್ನೂ ಒಮ್ಮೆ ನೋಡಿಬಿಡಿ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡೆ) ‘ಪ್ರಾಡಕ್ಟ್ ನೇಮ್’ ಎಂಬ ಜಾಗವನ್ನು ಓದಿ ತೀರ್ಮಾನ ಮಾಡುವ ಸ್ಕ್ರಿಪ್ಟ್ ಇದ್ದರೆ ಅದಕ್ಕೆ ತದ್ವಿರುದ್ಧದ ಸಮಸ್ಯೆ ಎದುರಾಗುತ್ತದೆ, ಏಕೆಂದರೆ ವಿಂಡೋಸ್ 11ರಲ್ಲಿಯೂ ಆ ಜಾಗದಲ್ಲಿ ಇಂದಿಗೂ ‘ವಿಂಡೋಸ್ 10’ ಎಂದೇ ಬರೆದಿದೆ. ಹೆಸರನ್ನು ನಂಬದೆ ಬಿಲ್ಡ್ ಸಂಖ್ಯೆಯನ್ನು ನಂಬುವುದು ಕ್ಷೇಮ.

ಫಿಲ್ಟರ್ ಸರಿಪಡಿಸಿದ ಮೇಲೂ ಕೆಲವು ಯಂತ್ರಗಳು ಮೊಂಡು ಹಿಡಿಯಬಹುದು. ನಾನೇ ಒಮ್ಮೆ ಒಂದು ಕಚೇರಿಯಲ್ಲಿ ಇಡೀ ಶನಿವಾರ ಆಂಟಿವೈರಸ್ಸನ್ನು ಬೈಯುತ್ತ ಕಳೆದವನು. ಅಲ್ಲಿನ ಸಿಬ್ಬಂದಿ ಪ್ರತಿ ಸಂಜೆ ತಪ್ಪದೆ ಗಣಕವನ್ನು ಶಟ್‌ಡೌನ್ ಮಾಡಿ, ಮೇನ್ ಸ್ವಿಚ್ಚನ್ನೂ ಆರಿಸಿ ಹೋಗುತ್ತಿದ್ದರು. ಸಂಜೆ ಐದರ ಹೊತ್ತಿಗೆ ಬೇಸತ್ತು ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಪುಟ ನೋಡಿದರೆ, ಕೆಳಗೆ ‘ಅಪ್ ಟೈಮ್’ ಎಂಬಲ್ಲಿ 23 ದಿನ ಎಂದಿತ್ತು! ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇದ್ದಾಗ ಶಟ್‌ಡೌನ್ ಮಾಡಿದರೆ ಬಳಕೆದಾರರ ಕೆಲಸ ಮಾತ್ರ ಮುಚ್ಚಿ, ವಿಂಡೋಸ್‌ನ ಒಡಲು ಡಿಸ್ಕಿನಲ್ಲಿ ನಿದ್ರೆಗೆ ಹೋಗುತ್ತದೆ. ಬೆಳಿಗ್ಗೆ ಎದ್ದೇಳುವುದು ಅದೇ ಹಳೆಯ ಒಡಲು. ಗ್ರೂಪ್ ಪಾಲಿಸಿ ತಂತ್ರಾಂಶವನ್ನು ಕೂರಿಸುವುದು ಯಂತ್ರ ನಿಜವಾಗಿ ಆರಂಭವಾಗುವ ಗಳಿಗೆಯಲ್ಲಿ. ‘ರಿಸ್ಟಾರ್ಟ್’ ಕೊಟ್ಟರೆ ಮಾತ್ರ ಆ ಗಳಿಗೆ ಬರುತ್ತದೆ. ಆದ್ದರಿಂದ ನಿಮ್ಮ ಲ್ಯಾಬಿನಲ್ಲಿ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ. ಫಾಸ್ಟ್ ಸ್ಟಾರ್ಟಪ್ ಹೆಸರಿನ ಪಾಲಿಸಿಯೊಂದು ಸಿಗುತ್ತದೆ, ಆದರೆ ಅದನ್ನು ‘ಡಿಸೇಬಲ್’ ಮಾಡಿದರೆ ಪ್ರಯೋಜನವಿಲ್ಲ. ಆಗ ಆಯಾ ಯಂತ್ರದ ಸ್ಥಳೀಯ ಆಯ್ಕೆಯೇ ಊರ್ಜಿತವಾಗುತ್ತದೆ. ರಿಜಿಸ್ಟ್ರಿಯ ‘ಹೈಬರ್‌ಬೂಟ್ ಎನೇಬಲ್ಡ್’ ಎಂಬ ಮೌಲ್ಯವನ್ನು ಗ್ರೂಪ್ ಪಾಲಿಸಿ ಪ್ರಿಫರೆನ್ಸ್ ಮೂಲಕ 0 ಮಾಡಬೇಕು. ಜೊತೆಗೆ, ಆರಂಭದಲ್ಲಿ ನೆಟ್‌ವರ್ಕ್‌ಗಾಗಿ ಕಾಯುವಂತೆ ಹೇಳುವ ಪಾಲಿಸಿಯನ್ನು ಆನ್ ಮಾಡಿಡಿ. ಎಸ್‌ಎಸ್‌ಡಿ ಇರುವ ಗಣಕಗಳು ಎಷ್ಟು ಬೇಗ ಏಳುತ್ತವೆಂದರೆ, ಲ್ಯಾಬಿನ ಸ್ವಿಚ್ ಇನ್ನೂ ಕಣ್ಣು ಬಿಡುವಷ್ಟರಲ್ಲಿ ಪಾಲಿಸಿಯ ಸಮಯ ಮುಗಿದಿರುತ್ತದೆ.

ಇಂಥದೇ ತೊಂದರೆಯ ಬಗ್ಗೆ ಬೆಂಗಳೂರಿನ ಕಂಪನಿಯೊಂದರಿಂದ ಬರೆದ ಓದುಗರಿಗೂ ಇದೇ ಉತ್ತರ ಸಲ್ಲುತ್ತದೆ. ಅವರು ಬಳಸುವುದು ಕಾನ್ಫಿಗರೇಶನ್ ಮ್ಯಾನೇಜರ್, ಅಂದರೆ ತಂತ್ರಾಂಶ ಹಂಚಲು ಮೈಕ್ರೋಸಾಫ್ಟಿನದೇ ಇನ್ನೊಂದು ಸಾಧನ. ಅಲ್ಲಿ ಅಪ್ಲಿಕೇಶನ್‌ನ ಡಿಪ್ಲಾಯ್‌ಮೆಂಟ್ ಟೈಪ್‌ಗೆ ‘ವಿಂಡೋಸ್ 10, 64 ಬಿಟ್’ ಎಂದು ಟಿಕ್ ಹಾಕಿ ಮರೆತಿರುತ್ತೇವೆ. ವಿಂಡೋಸ್ 11ಕ್ಕೆ ಪ್ರತ್ಯೇಕ ಟಿಕ್ ಇದೆ. ಆಪ್-ಇಂಟೆಂಟ್-ಇವಾಲ್ ಲಾಗ್‌ನಲ್ಲಿ ಅವಶ್ಯಕತೆ ಹೊಂದಲಿಲ್ಲವೆಂದು ಇದ್ದು, ಆಪ್-ಎನ್‌ಫೋರ್ಸ್ ಲಾಗ್‌ನಲ್ಲಿ ಆ ತಂತ್ರಾಂಶದ ಸುಳಿವೇ ಇಲ್ಲದಿದ್ದರೆ ಹುಬ್ಬಳ್ಳಿಯವರ ಕಥೆಯೇ ನಿಮ್ಮದೂ. ಎನ್‌ಫೋರ್ಸ್ ಲಾಗ್‌ನಲ್ಲಿ ನಮೂದು ಇದ್ದು 1603 ಎಂಬ ದೋಷ ಸಂಖ್ಯೆಯೊಂದಿಗೆ ಮುಗಿದಿದ್ದರೆ ಅದು ಬೇರೆ ಕಥೆ. ಆಗ ಎಂಎಸ್‌ಐಗೆ ವಿವರವಾದ ಲಾಗ್ ಬರೆಯುವಂತೆ ಹೇಳಿ ಮತ್ತೊಮ್ಮೆ ಓಡಿಸಿ, ಆ ಲಾಗ್‌ನಲ್ಲಿ ‘ರಿಟರ್ನ್ ವ್ಯಾಲ್ಯೂ 3’ ಎಂಬ ಪದಗಳನ್ನು ಹುಡುಕಿ, ಅದರ ಮೇಲಿನ ಹತ್ತಿಪ್ಪತ್ತು ಸಾಲುಗಳನ್ನು ಓದಿ. 1603 ಎಂಬುದು ರೋಗದ ಹೆಸರಲ್ಲ, ರೋಗಿ ಮಲಗಿದ್ದಾನೆ ಎಂಬ ಸುದ್ದಿ ಅಷ್ಟೆ.

ಪ್ರಶ್ನೆ: ನಮ್ಮದು 14 ಗಣಕಗಳಿರುವ ಪತ್ತಿನ ಸಹಕಾರ ಸಂಘ. ಡೊಮೈನ್ ಇಲ್ಲ. ಒಂದು ಹಳೆಯ ನ್ಯಾಸ್ ಪೆಟ್ಟಿಗೆಯಲ್ಲಿ (ಎಲ್ಲ ಗಣಕಗಳೂ ಹಂಚಿಕೊಳ್ಳುವ, ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕಿನಲ್ಲಿ) ತಂತ್ರಾಂಶಗಳನ್ನೆಲ್ಲ ಇಟ್ಟು, ಪ್ರತಿ ಗಣಕದಲ್ಲೂ ಒಂದು ಬ್ಯಾಚ್ ಕಡತವನ್ನು ಓಡಿಸಿ ಹೊಸ ಆವೃತ್ತಿ ಹಾಕುತ್ತಿದ್ದೆವು. ನ್ಯಾಸ್‌ಗೆ ಪಾಸ್‌ವರ್ಡ್ ಇಟ್ಟಿಲ್ಲ. 24ಎಚ್2 ಬಂದ ಗಣಕಗಳಲ್ಲಿ ಆ ಫೋಲ್ಡರೇ ತೆರೆಯುತ್ತಿಲ್ಲ. ಸಂಸ್ಥೆಯ ಭದ್ರತಾ ನೀತಿ ತಡೆಯುತ್ತಿದೆ ಎಂಬ ಸಂದೇಶ ಬರುತ್ತದೆ. ನಾವು ಯಾವ ನೀತಿಯನ್ನೂ ಮಾಡಿಲ್ಲವಲ್ಲ?
— ಕಾರ್ಯದರ್ಶಿ, ಮಂಡ್ಯ ಜಿಲ್ಲೆ

ಉತ್ತರ: ನೀತಿಯನ್ನು ನೀವು ಮಾಡಿಲ್ಲ ಸ್ವಾಮಿ, ಮೈಕ್ರೋಸಾಫ್ಟ್ ಮಾಡಿದೆ. 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ 24ಎಚ್2ರಿಂದ ಪ್ರೊ ಆವೃತ್ತಿಯಲ್ಲೂ ಪಾಸ್‌ವರ್ಡ್ ಇಲ್ಲದ ‘ಗೆಸ್ಟ್’ ಪ್ರವೇಶವನ್ನು ಮುಚ್ಚಲಾಗಿದೆ. ಅದೇ ಹೊತ್ತಿಗೆ, ಕಡತ ಹಂಚಿಕೆಯ ಎಸ್‌ಎಂಬಿ ಸಂಪರ್ಕದಲ್ಲಿ ಪ್ರತಿ ಸಂದೇಶಕ್ಕೂ ಗಣಕದ ಮುದ್ರೆ ಬೀಳಬೇಕೆಂಬ ನಿಯಮವೂ ಬಂದಿದೆ. ಆ ಮುದ್ರೆಯ ಕೀಲಿ ಹುಟ್ಟುವುದು ಬಳಕೆದಾರರ ಪಾಸ್‌ವರ್ಡಿನಿಂದ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲದಿರುವುದರಿಂದ ಮುದ್ರೆ ಒತ್ತಲು ಕೀಲಿಯೂ ಇಲ್ಲ. ಹಾಗಾಗಿ ಎರಡು ನಿಯಮಗಳಲ್ಲಿ ಒಂದನ್ನು ಸಡಿಲಿಸಿದರೆ ಸಾಲದು, ಎರಡನ್ನೂ ಸಡಿಲಿಸಬೇಕು. ಯೂಟ್ಯೂಬ್ ನೋಡಿ ಹಾಗೆ ಸಡಿಲಿಸಿಕೊಂಡವರನ್ನು ಬಲ್ಲೆ. ಸದಸ್ಯರ ಠೇವಣಿಯ ಲೆಕ್ಕವಿರುವ ಕಚೇರಿಯಲ್ಲಿ ನಾನು ಅದನ್ನು ಹೇಳಿಕೊಡಲಾರೆ.

ಮಾಡಬೇಕಾದದ್ದು ನ್ಯಾಸ್‌ನಲ್ಲಿ. ಅದರ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ, ತಂತ್ರಾಂಶದ ಫೋಲ್ಡರನ್ನು ಓದಲು ಮಾತ್ರ ಅನುಮತಿಯಿರುವ ಒಬ್ಬ ಬಳಕೆದಾರನನ್ನು ಸೃಷ್ಟಿಸಿ, ಗಟ್ಟಿಯಾದ ಪಾಸ್‌ವರ್ಡ್ ಕೊಡಿ. ಎಸ್‌ಎಂಬಿಯ ಕನಿಷ್ಠ ಆವೃತ್ತಿಯನ್ನು 2 ಅಥವಾ 3 ಎಂದು ಆರಿಸಿ. ನಿಮ್ಮ ಪೆಟ್ಟಿಗೆಗೆ ಎಸ್‌ಎಂಬಿ 1 ಬಿಟ್ಟು ಬೇರೇನೂ ಗೊತ್ತಿಲ್ಲವೆಂದಾದರೆ ಅದನ್ನು ಬದಲಿಸಲು ಆಡಳಿತ ಮಂಡಳಿಗೆ ಟಿಪ್ಪಣಿ ಬರೆಯಿರಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ವೈರಸ್ ಜಗತ್ತಿನ ತುಂಬ ಹರಡಿದ್ದು ಆ ಒಂದನೇ ಆವೃತ್ತಿಯ ಬಾಗಿಲಿನಿಂದಲೇ, ಮತ್ತು ಅದೇ ವರ್ಷದಿಂದ ಹೊಸ ವಿಂಡೋಸ್‌ಗಳಲ್ಲಿ ಅದು ತಾನಾಗಿ ಇನ್‌ಸ್ಟಾಲ್ ಆಗುವುದನ್ನು ನಿಲ್ಲಿಸಲಾಯಿತು ಎಂಬ ಎರಡು ಸಾಲು ಟಿಪ್ಪಣಿಯಲ್ಲಿದ್ದರೆ ಸಾಕು. ಪೆಟ್ಟಿಗೆ ಬರುವವರೆಗೆ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಸಿ ಡ್ರೈವಿಗೆ ಹಾಕಿ ಅಲ್ಲಿಂದಲೇ ಓಡಿಸಿ. 14 ಗಣಕಕ್ಕೆ ಅದು ಒಂದು ಮಧ್ಯಾಹ್ನದ ಕೆಲಸ.

ನೀವು ಲಗತ್ತಿಸಿದ ಬ್ಯಾಚ್ ಕಡತವನ್ನೂ ನೋಡಿದೆ. ಮೂರನೇ ಸಾಲಿನಲ್ಲಿ ಯಂತ್ರದ ಸೀರಿಯಲ್ ಸಂಖ್ಯೆಯನ್ನು ಡಬ್ಲ್ಯುಎಂಐಸಿ ಆಜ್ಞೆಯಿಂದ ಪಡೆಯುತ್ತಿದ್ದೀರಿ. ಈ ಆಜ್ಞೆಯನ್ನು ಮೈಕ್ರೋಸಾಫ್ಟ್ ಹಂತಹಂತವಾಗಿ ಹಿಂತೆಗೆಯುತ್ತಿದ್ದು, 24ಎಚ್2ರ ಮುಂದಿನ ಆವೃತ್ತಿಯಾದ 25ಎಚ್2ಗೆ ಅಪ್‌ಗ್ರೇಡ್ ಆದಾಗ ಅದು ಯಂತ್ರದಿಂದ ಹೊರಟೇ ಹೋಗುತ್ತದೆ. ಆಗ ಸೀರಿಯಲ್ ಸಂಖ್ಯೆ ಖಾಲಿಯಾಗಿ, ಮುಂದಿನ ಸಾಲು ತಪ್ಪು ಫೋಲ್ಡರನ್ನು ಹುಡುಕಿಕೊಂಡು ಹೋಗುತ್ತದೆ. ಈಗಲೇ ಆ ಸಾಲನ್ನು ಪವರ್‌ಶೆಲ್‌ನ ಗೆಟ್-ಸಿಮ್-ಇನ್‌ಸ್ಟನ್ಸ್‌ಗೆ ಬದಲಿಸಿಕೊಂಡರೆ ಮುಂದಿನ ವರ್ಷ ಇನ್ನೊಂದು ಪತ್ರ ಬರೆಯುವುದು ತಪ್ಪುತ್ತದೆ.

ಪ್ರಶ್ನೆ: ಪೆನ್‌ಡ್ರೈವಿನಿಂದ, ಇಂಟರ್‌ನೆಟ್ ಇಲ್ಲದೆ, ಅಪ್‌ಗ್ರೇಡ್ ಮಾಡಿದ ಗಣಕಗಳಲ್ಲಿ ನಮ್ಮ ನಮೂನೆಗಳೆಲ್ಲ ಕೆಟ್ಟಿವೆ. ತುಂಗಾ ಫಾಂಟ್ ಕಾಣೆಯಾಗಿದೆ. ಒಂದು ಪುಟದ ಪ್ರಮಾಣಪತ್ರ ಒಂದೂಕಾಲು ಪುಟವಾಗುತ್ತಿದೆ. ಕೆಲವು ಹಳೆಯ ಕಡತಗಳು ಮಾತ್ರ ಚುಕ್ಕಿ-ಕೊಕ್ಕೆಗಳಿರುವ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಫಾಂಟ್ ಸೇರಿಸಲು ಹೋದರೆ 0ಎಕ್ಸ್800ಎಫ್0954 ಎಂದು ಬರುತ್ತದೆ. ಹಳೆಯ ವೇತನ ತಂತ್ರಾಂಶ ಕೇಳುವ ಡಾಟ್ ನೆಟ್ 3.5 ಎಂಬ ಮೈಕ್ರೋಸಾಫ್ಟಿನ ಪೂರಕ ಘಟಕಕ್ಕೂ ಅದೇ ಸಂಖ್ಯೆ.
— ಗಣಕ ನಿರ್ವಾಹಕಿ, ಶಿವಮೊಗ್ಗ

ಉತ್ತರ: ತುಂಗೆಯ ದಡದವರೇ ತುಂಗಾ ಕಾಣೆಯಾಗಿದೆ ಎಂದು ಬರೆದರೆ ಉತ್ತರಿಸದೆ ಇರುವುದು ಹೇಗೆ! ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ಕಾಯಿಲೆಗಳು, ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ತುಂಗಾ ಯೂನಿಕೋಡ್ ಫಾಂಟ್. ಎಕ್ಸ್‌ಪಿಯ ಕಾಲದಿಂದ ವಿಂಡೋಸ್‌ನ ಜೊತೆಗೇ ಬರುತ್ತಿದ್ದ ಅದನ್ನು ವಿಂಡೋಸ್ 10ರಿಂದ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಐಚ್ಛಿಕ ಸೌಲಭ್ಯಕ್ಕೆ ಸರಿಸಲಾಗಿದೆ. ಇಂಥ ಸೌಲಭ್ಯಗಳನ್ನು ಅಪ್‌ಗ್ರೇಡ್ ಮಾಡುವಾಗ ಸೆಟಪ್ ಇಂಟರ್‌ನೆಟ್‌ನಿಂದ ಮತ್ತೆ ತಂದುಕೊಳ್ಳುತ್ತದೆ. ನೀವು ಸಂಪರ್ಕವಿಲ್ಲದೆ ಮಾಡಿದ್ದರಿಂದ ತರಲಾಗಲಿಲ್ಲ. ಈಗ ತುಂಗಾದ ಜಾಗದಲ್ಲಿ ನಿರ್ಮಲಾ ಯುಐ ನಿಂತಿದೆ. ಅಕ್ಷರ ಓದಲು ಬರುತ್ತದೆ, ಅಳತೆ ಮಾತ್ರ ಬೇರೆ, ಅದಕ್ಕೇ ಸಹಿಯ ಜಾಗ ಎರಡನೇ ಪುಟಕ್ಕೆ ಜಾರಿದೆ.

0954ಕ್ಕೆ ಮುಗಿಯುವ ಆ ಸಂಖ್ಯೆ ನಿಮ್ಮ ಗಣಕಗಳು ಅಪ್‌ಡೇಟ್‌ಗಳನ್ನು ಕಚೇರಿಯ ಡಬ್ಲ್ಯುಎಸ್‌ಯುಎಸ್ (ಅಪ್‌ಡೇಟ್‌ಗಳನ್ನು ಕಚೇರಿಯೊಳಗೇ ಹಂಚುವ) ಸರ್ವರಿನಿಂದ ಪಡೆಯುತ್ತಿವೆ ಎಂಬುದನ್ನು ಹೇಳುತ್ತದೆ. ಐಚ್ಛಿಕ ಸೌಲಭ್ಯವನ್ನೂ ಅವು ಅದೇ ಸರ್ವರಿನ ಹತ್ತಿರ ಕೇಳುತ್ತಿವೆ, ಸರ್ವರಿನಲ್ಲಿ ಅದು ಇಲ್ಲ. ಗ್ರೂಪ್ ಪಾಲಿಸಿಯಲ್ಲಿ ಯಂತ್ರದ ಭಾಗದಲ್ಲಿ, ಸಿಸ್ಟಮ್ ಎಂಬ ಶೀರ್ಷಿಕೆಯ ಕೆಳಗೆ, ಐಚ್ಛಿಕ ಘಟಕಗಳ ಇನ್‌ಸ್ಟಾಲೇಶನ್ ಮತ್ತು ದುರಸ್ತಿಗೆ ಸಂಬಂಧಿಸಿದ ಒಂದು ನೀತಿಯಿದೆ. ಅದನ್ನು ಆನ್ ಮಾಡಿ, ಡಬ್ಲ್ಯುಎಸ್‌ಯುಎಸ್ ಬದಲು ನೇರವಾಗಿ ವಿಂಡೋಸ್ ಅಪ್‌ಡೇಟ್‌ನಿಂದ ಪಡೆಯುವ ಆಯ್ಕೆಗೆ ಟಿಕ್ ಹಾಕಿದರೆ ಫಾಂಟ್ ಮತ್ತು ಡಾಟ್ ನೆಟ್ ಎರಡೂ ಬರುತ್ತವೆ. ಕಚೇರಿಯ ಗಣಕಗಳಿಗೆ ಇಂಟರ್‌ನೆಟ್ ಬೇಡವೆಂಬ ನಿಯಮವಿದ್ದರೆ, ಡಾಟ್ ನೆಟ್ 3.5ನ್ನು ವಿಂಡೋಸ್‌ನ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕಿನ ಪ್ರತಿ) ಕಡತದಲ್ಲಿರುವ ಸೋರ್ಸಸ್ ಫೋಲ್ಡರಿನ ಎಸ್‌ಎಕ್ಸ್‌ಎಸ್ ಎಂಬಲ್ಲಿಂದ ಡಿಸ್ಮ್ ಆಜ್ಞೆಯ ಮೂಲಕ ಹಾಕಬಹುದು. ಆ ಐಎಸ್‌ಒ ನಿಮ್ಮ ಯಂತ್ರದಲ್ಲಿರುವ ಆವೃತ್ತಿಯದೇ ಆಗಿರಬೇಕು. ಫಾಂಟ್ ಅಲ್ಲಿ ಸಿಗುವುದಿಲ್ಲ. ಅದಕ್ಕೆ ಭಾಷೆಗಳು ಮತ್ತು ಐಚ್ಛಿಕ ಸೌಲಭ್ಯಗಳ ಪ್ರತ್ಯೇಕ ಐಎಸ್‌ಒ ಬೇಕು.

ಇನ್ನು ಚುಕ್ಕಿ-ಕೊಕ್ಕೆಯ ಕಡತಗಳು. ಅವು ಯೂನಿಕೋಡ್ ಪೂರ್ವದ ನುಡಿ ಫಾಂಟ್‌ನಲ್ಲಿ ಟೈಪಾದವು. ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದ ಫಾಂಟ್ ಅದು. ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿನ ನಿಜರೂಪ ಹೊರಬೀಳುತ್ತದೆ. ಕಡತ ಹಾಳಾಗಿಲ್ಲ, ಗಾಬರಿಯಿಂದ ಸೇವ್ ಮಾಡಬೇಡಿ, ಫಾಂಟ್ ಬದಲಿಸಿ ನೋಡಬೇಡಿ. ನುಡಿ ಫಾಂಟ್ ಹಾಕಿದ್ದೇನೆ, ಆದರೂ ಪಕ್ಕದವರ ಲಾಗಿನ್‌ನಲ್ಲಿ ಬರುವುದಿಲ್ಲ ಎಂದೂ ಬರೆದಿದ್ದೀರಿ. ಅದಕ್ಕೆ ಕಾರಣ, ವಿಂಡೋಸ್ 10ರ 1809 ಆವೃತ್ತಿಯಿಂದ ಫಾಂಟ್ ಕಡತದ ಮೇಲೆ ಬಲಗುಂಡಿ ಒತ್ತಿ ‘ಇನ್‌ಸ್ಟಾಲ್’ ಎಂದರೆ ಅದು ಲಾಗಿನ್ ಆಗಿರುವವರಿಗೆ ಮಾತ್ರ ಸೇರುತ್ತದೆ. ‘ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್’ ಎಂಬ ಎರಡನೇ ಸಾಲನ್ನು ಆರಿಸಬೇಕು.

ಪ್ರಶ್ನೆ: ಅಕ್ಕಿ ಗಿರಣಿಯ ದಾಸ್ತಾನು ಲೆಕ್ಕಕ್ಕೆ ಡಾಸ್ ಕಾಲದ ಫಾಕ್ಸ್‌ಪ್ರೊ ತಂತ್ರಾಂಶ ಬಳಸುತ್ತಿದ್ದೇವೆ. ವಿಂಡೋಸ್ 10ರಲ್ಲಿ ಓಡುತ್ತಿತ್ತು. 11ರಲ್ಲಿ ಈ ಗಣಕದಲ್ಲಿ ಓಡದು ಎನ್ನುತ್ತದೆ. ಕಂಪ್ಯಾಟಿಬಿಲಿಟಿ ಮೋಡ್ ಎಲ್ಲವನ್ನೂ ಪ್ರಯತ್ನಿಸಿದೆವು.
— ಓದುಗರು, ಗಂಗಾವತಿ

ಉತ್ತರ: ಪ್ರಯತ್ನ ನಿಲ್ಲಿಸಿ. ನಿಮ್ಮದು 16 ಬಿಟ್‌ನ ತಂತ್ರಾಂಶ. ಅದನ್ನು ಓಡಿಸುವ ಒಳಭಾಗ ಇದ್ದದ್ದು 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ, ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಹಳೆಯ 32 ಬಿಟ್ ವಿಂಡೋಸನ್ನು ಒಂದು ವರ್ಚುಯಲ್ ಯಂತ್ರದಲ್ಲಿ, ನೆಟ್‌ವರ್ಕ್ ಕಿತ್ತು, ಈ ಒಂದೇ ಕೆಲಸಕ್ಕೆಂದು ಇಟ್ಟುಕೊಳ್ಳಬಹುದು. ನಿಮ್ಮ ದತ್ತಾಂಶ ಭದ್ರವಾಗಿಯೇ ಇದೆ. ಅದಿರುವ ಡಿಬಿಎಫ್ ಕಡತಗಳ ನಕಲು ಮಾಡಿ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ನೋಡಿ.

ಇದರ ತಮ್ಮನಂಥ ಸಮಸ್ಯೆಯನ್ನು ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ. ಅವರ 32 ಬಿಟ್ ತಂತ್ರಾಂಶ ಇನ್‌ಸ್ಟಾಲ್ ಆಗುತ್ತದೆ, ಆದರೆ ಡೇಟಾಬೇಸ್‌ನ ಒಡಿಬಿಸಿ (ತಂತ್ರಾಂಶವನ್ನು ಡೇಟಾಬೇಸ್‌ಗೆ ಜೋಡಿಸುವ ಕೊಂಡಿ) ಹೆಸರು ಅದಕ್ಕೆ ಕಾಣುವುದಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ ಒಡಿಬಿಸಿ ಫಲಕಗಳು ಎರಡಿವೆ. 32 ಬಿಟ್‌ನ ಫಲಕ ಇರುವುದು ‘ಸಿಸ್-ವಾವ್-64’ ಫೋಲ್ಡರಿನಲ್ಲಿ, 64 ಬಿಟ್‌ನದು ‘ಸಿಸ್ಟಮ್-32’ರಲ್ಲಿ. ಹೌದು, ಹೆಸರುಗಳು ತಿರುವುಮುರುವಾಗಿವೆ. ನಾನು ತಪ್ಪಾಗಿ ಬರೆದಿಲ್ಲ. ಮೊದಲನೆಯದನ್ನು ತೆರೆದು ಅಲ್ಲಿ ಹೆಸರು ಸೇರಿಸಿ.

ಪ್ರಶ್ನೆ: ಲೆಕ್ಕಪತ್ರ ವಿಭಾಗದ ಗಣಕವೊಂದು ಅಪ್‌ಗ್ರೇಡ್ ಆಗಿ ಇಂದಿಗೆ 12 ದಿನ. ಒಂದು ತಂತ್ರಾಂಶ ಯಾವ ರೀತಿಯಲ್ಲೂ ಕೂರುತ್ತಿಲ್ಲ. ವಿಂಡೋಸ್ 10ಕ್ಕೆ ಹಿಂದಿರುಗುವ ಗುಂಡಿ ಮಸುಕಾಗಿದೆ.
— ಓದುಗರು, ಮೈಸೂರು

ಉತ್ತರ: ಹಿಂದಿರುಗಲು ವಿಂಡೋಸ್ ಕೊಡುವ ಗಡುವು 10 ದಿನ, ಆದ್ದರಿಂದ ಈಗ ವಿಂಡೋಸ್ 10 ಬೇಕಿದ್ದರೆ ಹೊಸದಾಗಿಯೇ ಹಾಕಬೇಕು. ಅದಕ್ಕೆ ಮುನ್ನ ಸಿ ಡ್ರೈವಿನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ಇನ್ನೂ ಉಳಿದಿದೆಯೇ ನೋಡಿ. ಉಳಿದಿದ್ದರೆ ಆ ತಂತ್ರಾಂಶದ ಹಳೆಯ ಸೆಟ್ಟಿಂಗ್ ಮತ್ತು ಲೈಸೆನ್ಸ್ ಕಡತಗಳು ಅದರೊಳಗೆ ಸಿಗಬಹುದು, ಈ ಹೊತ್ತೇ ಬೇರೆಡೆಗೆ ನಕಲು ಮಾಡಿಕೊಳ್ಳಿ. ಇನ್ನೂ ಅಪ್‌ಗ್ರೇಡ್ ಆಗದ ಗಣಕಗಳು ಇವೆಯೆಂದು ಬರೆದಿದ್ದೀರಿ. ಅವುಗಳಲ್ಲಿ ಅಪ್‌ಗ್ರೇಡ್ ಮುಗಿದ ದಿನವೇ ಡಿಸ್ಮ್ ಆಜ್ಞೆಯಿಂದ ಗಡುವನ್ನು ವಿಸ್ತರಿಸಿ, ಗರಿಷ್ಠ 60 ದಿನದವರೆಗೂ ಅವಕಾಶವಿದೆ. ತಿಂಗಳ ಕೊನೆಯ ವೇತನ ಬಿಲ್ಲು ಒಮ್ಮೆ ಆಗಿ ಹೋಗುವಷ್ಟು, ಅಂದರೆ 35 ದಿನವಾದರೂ ಇಡಿ. ಅಲ್ಲಿಯವರೆಗೆ ಡಿಸ್ಕ್ ತುಂಬಿದೆಯೆಂದು ಯಾರೂ ಡಿಸ್ಕ್ ಕ್ಲೀನಪ್ ಓಡಿಸಿ ಆ ಫೋಲ್ಡರನ್ನು ಅಳಿಸದಂತೆ ಗಣಕದ ಮೇಲೆ ಒಂದು ಚೀಟಿ ಅಂಟಿಸಿ.